ಎರವಲು ಹೆಸರು

ಲಕ್ಕಜ್ಜಿಯ ಸೊಸೆ ಅಂದು ಇಟಲಿಯವರ ರೀತಿಯ ಕೋಳಿ ಮಾಡಲು ಹೊರಟಿದ್ದಳು. ಏರ್ ಫ್ರೈಯರ್‌ನ ಬುಟ್ಟಿಯಲ್ಲಿ ಕೋಳಿಯ ತುಂಡುಗಳನ್ನು ಹರಡಿ, ಮೇಲೊಂದು ಟೊಮ್ಯಾಟೊ ಇಟ್ಟು, ಒರೆಗಾನೊ ಎಂಬ ಒಣಸೊಪ್ಪು ಉದುರಿಸಿದಳು.

"ಮೈಮೇಲೆ ಬೀಳಬೇಡ," ಟೊಮ್ಯಾಟೊ ಸಿಡುಕಿತು. "ಈ ಅಡುಗೆಮನೆಯಲ್ಲಿ ನಿನ್ನ ಹೆಸರು ಕೇಳಿದವರೇ ಇಲ್ಲ."

ಪಕ್ಕದ ಮೊರದಲ್ಲಿದ್ದ ಬದನೆಕಾಯಿ ಕೇಳಿತು: "ನಿನ್ನ ಹೆಸರನ್ನು ಯಾರು ಕೇಳಿದ್ದರಪ್ಪಾ? ನಿನ್ನ ಹಿರಿಯರು ಹಡಗಿಳಿದು ಬಂದಾಗ ಕರೆಯಲು ಹೆಸರಿಲ್ಲದೆ ನಮ್ಮದನ್ನೇ ಕೊಟ್ಟೆವು. ಲಕ್ಕಜ್ಜಿ ಇವತ್ತಿಗೂ ನಿನ್ನನ್ನು ಚಪ್ಪರಬದನೆ ಅಂತಲೇ ಕರೆಯುತ್ತಾಳೆ."

ಅಷ್ಟರಲ್ಲಿ ಬುಟ್ಟಿ ಒಳಸೇರಿತು. ಬಿಸಿಗಾಳಿ ಬೀಸಿತು. ಹಗುರ ಸೊಪ್ಪು ಎಲ್ಲೂ ನೆಲೆ ಸಿಗದೆ ಸುತ್ತ ಹಾರಾಡಿತು. ಟೊಮ್ಯಾಟೊ ಇನ್ನಷ್ಟು ಹೊತ್ತು ಬಿಗಿದುಕೊಂಡೇ ಇರಬಹುದಿತ್ತು. ಆದರೆ ಅದು ತಾನಾಗಿ ಸಿಪ್ಪೆ ಬಿರಿದು ರಸ ಸುರಿಸಿತು. "ಬಾ, ಇಲ್ಲಿ ಅಂಟಿಕೋ," ಎಂದಿತು.

ಊಟಕ್ಕೆ ಕೂತ ಲಕ್ಕಜ್ಜಿ ಒಂದು ತುಂಡು ಬಾಯಿಗಿಟ್ಟು, "ಇದೇನೇ ಸೊಪ್ಪು?" ಎಂದಳು.

"ಒರೆಗಾನೊ, ಅತ್ತೆ."

"ಅದಕ್ಕೆಲ್ಲ ನನ್ನ ನಾಲಿಗೆ ಹೊರಳಲ್ಲ ಕಣೇ. ದೊಡ್ಡಪತ್ರೆ ಘಮ ಇದೆ. ಸೀಮೆ ದೊಡ್ಡಪತ್ರೆ ಅನ್ನೋಣ. ಇನ್ನೊಂದು ತುಂಡು ಹಾಕು."

ಕಿಟಕಿಯ ಕುಂಡದಲ್ಲಿದ್ದ ದೊಡ್ಡಪತ್ರೆ ಬದನೆಕಾಯಿಯ ಕಡೆ ನೋಡಿ, "ನನ್ನ ಹೆಸರು ತಾನೇ, ಇಟ್ಟುಕೊಳ್ಳಲಿ ಬಿಡಿ," ಎಂದಿತು.