ಮರಳಿನ ಮೇಲೆ ಮೂರು ಪ್ರಶ್ನೆ

ಡಂಗುರದವನು ಕಡಲ ತೀರದ ಕೇರಿಗಳಲ್ಲೆಲ್ಲ ಸಾರಿದ: "ಕೇಳಿರಿ! ರಾಜಕುವರಿ ಶಂಖಾವತಿ ಪುಟ್ಟ ದೋಣಿಗಳಲ್ಲಿ ದಂಡೆಗುಂಟ ಹನ್ನೊಂದು ದಿನದ ಪಯಣ ಹೊರಡುತ್ತಾಳೆ. ಬಿಡಾರದ ಜಾಗ ತೋರಬಲ್ಲವನು ಮೂರು ಒಗಟು ಬಿಡಿಸಲಿ. ತಪ್ಪಿದವನನ್ನು ಸಂಜೆಯ ಉಬ್ಬರದಲ್ಲಿ ಮುಳುಗುವಂತೆ ದಂಡೆಯ ಕಂಬಕ್ಕೆ ಕಟ್ಟಲಾಗುವುದು!"

ಹೋದ ವರ್ಷ ಅವಳ ತಮ್ಮ ಮರಳಿನ ಮೇಲೆ ಡೇರೆ ಹಾಕಿ, ನಲವತ್ತು ಜನರೊಂದಿಗೆ ಕಡಲ ಪಾಲಾಗಿದ್ದ. "ಅರಿಯದವನು ದಾರಿ ತೋರಿದರೆ ಎಲ್ಲರೂ ಸಾಯುತ್ತಾರೆ. ಅವನೊಬ್ಬನೇ ಸಾಯಲಿ," ಎನ್ನುತ್ತಿದ್ದಳು.

ಚಿಪ್ಪು ಹೆಕ್ಕುವ ಜಟ್ಟುವಿಗೆ ಬಹುಮಾನದ ಆಸೆಯಿರಲಿಲ್ಲ. ಕುವರಿಯ ದೋಣಿಗೆ ಹುಟ್ಟು ಹಾಕುವವರಲ್ಲಿ ಅವನ ಅಕ್ಕ ಸುಕ್ರಿಯೂ ಇದ್ದಳು; ಅದಕ್ಕೇ ಬಂದ.

ದಂಡೆಯ ಚಪ್ಪರದಲ್ಲಿ ಕುವರಿ ಕೇಳಿದಳು: "ಹಿಂದೆ ಸರಿಯುತ್ತ ಮೀನು ಚೆಲ್ಲುತ್ತಾನೆ. ಆರಿಸಲು ಹೋದವನು ಮರಳುವುದಿಲ್ಲ. ಯಾರವನು?"

"ಇಳಿತ!" ಎಂದ ಆಸ್ಥಾನದ ಪಂಡಿತ.

"ಇಳಿತದಲ್ಲಿ ಹೆಂಗಸರು ದಿನವೂ ಚಿಪ್ಪು ಹೆಕ್ಕಿ ಮನೆಗೆ ಬರುತ್ತಾರೆ." ಪಂಡಿತನನ್ನು ಕಂಬಕ್ಕೆ ಕಟ್ಟಿದರು.

ಜಟ್ಟು ಮುಂದೆ ಬಂದ. "ಹೊತ್ತಲ್ಲದ ಹೊತ್ತಿನಲ್ಲಿ ಇಳಿಯುವ ಕಡಲು, ಒಡತಿ."

"ಸರಿ. ಎರಡನೆಯದು. ಒಬ್ಬ ಬಂದು ಬಾಗಿಲು ಮುರಿದು ಹೋದ. ಮನೆಯವರು ಸಾಮಾನು ಆಯಲು ಬಂದರು. ಆಮೇಲೆ ಬಂದವನು ಯಾರು?"

"ಕಳ್ಳನ ಹಿಂದೆ ತಳವಾರ," ಎಂದು ಹಡಗಿನ ವರ್ತಕ ನಕ್ಕ. ಅವನ ನಗು ಎರಡನೆಯ ಕಂಬದ ಬಳಿ ನಿಂತಿತು.

"ಅವನ ಅಣ್ಣ," ಎಂದ ಜಟ್ಟು. "ಮೊದಲ ತೆರೆಗಿಂತ ದೊಡ್ಡದು ಹಿಂದೆ ಬರಬಹುದು."

"ಕೊನೆಯದು. ಬಿಟ್ಟವನಿಗೆ ಅದು ಮತ್ತೆ ಸಿಕ್ಕೀತು. ಹಿಡಿಯಲು ಹೋದವನೇ ಸಿಗಲಾರ. ಏನದು?"

ಆಗ ಕುವರಿಯ ಮುಂದಿದ್ದ ತಂಬಿಗೆಯ ನೀರು ನಡುಗಿತು. ಕಾಲಡಿಯ ಮರಳೂ ನಡುಗಿತು. ಉಬ್ಬರ ಏರಬೇಕಾದ ಹೊತ್ತು. ಕಡಲು ಸದ್ದಿಲ್ಲದೆ ಹಿಂದೆ ಸರಿಯುತ್ತಿತ್ತು.

"ಗುಡ್ಡಕ್ಕೆ ಓಡಿ!" ಎಂದು ಜಟ್ಟು ಕೂಗಿದ.

"ಉತ್ತರ?"

"ಮೇಲೆ ಹೇಳ್ತೇನೆ! ಏಳಿ, ಒಡತಿ!"

ಸುಕ್ರಿ ಕಂಬಗಳ ಹಗ್ಗ ಕೊಯ್ದಳು. ಜಟ್ಟುವಿನ ಪಾತಿ, ಮರ ಕೊರೆದು ಮಾಡಿದ ಪುಟ್ಟ ದೋಣಿ, ಹತ್ತೇ ಹೆಜ್ಜೆ ದೂರದಲ್ಲಿತ್ತು. ಒಮ್ಮೆ ಅದನ್ನು ನೋಡಿದ. ಬೆನ್ನು ತಿರುಗಿಸಿ ಓಡಿದ.

ಮೊದಲ ತೆರೆ ಚಪ್ಪರವನ್ನು ನುಂಗಿ ಹಿಂದೆ ಹೋಯಿತು. "ನನ್ನ ಹಡಗು!" ಎಂದು ವರ್ತಕ ಗುಡ್ಡದಿಂದ ಇಳಿಯತೊಡಗಿದ. ಜಟ್ಟು ಅವನ ಸೊಂಟದ ಶಲ್ಯ ಹಿಡಿದೆಳೆದ.

"ಕೂತ್ಕೊಳ್ಳಿ ಸಾಹುಕಾರ್ರೇ, ಅಣ್ಣ ಇನ್ನೂ ಬಂದಿಲ್ಲ!"

ಅಣ್ಣ ಬಂದ. ಕೆಳಗಿನ ತೆಂಗುಗಳ ತಲೆ ಕಾಣದಾಯಿತು.

ಬಹಳ ಹೊತ್ತಿನ ಮೇಲೆ ಕುವರಿ ಮೆಲ್ಲಗೆ ಕೇಳಿದಳು, "ಮೂರನೆಯದು?"

"ದೋಣಿ, ಒಡತಿ. ನಿಮ್ಮ ತಮ್ಮ ಹೋದ ದಿನವೇ ನಮ್ಮಪ್ಪ ಪಾತಿ ತರಲು ಇಳಿದಿದ್ದ. ಮೂರನೆಯ ದಿನ ಪಾತಿ ಸಿಕ್ಕಿತು. ಅಪ್ಪ ಸಿಗಲಿಲ್ಲ."

ಅವಳು ಕಂಬಗಳನ್ನು ಮತ್ತೆ ನೆಡಿಸಲಿಲ್ಲ. ಜಟ್ಟುವಿಗೆ ಹೊಸ ದೋಣಿಯನ್ನೂ ಪಯಣದ ಮುಂದಾಳುತನವನ್ನೂ ಕೊಟ್ಟಳು. ಅವನು ಕೇಳಿ ಪಡೆದದ್ದು ಒಂದು ಕಲ್ಲು, ನೀರು ಏರಿದ ಗೆರೆಯಲ್ಲಿ ನೆಡಲು. ಅದರ ಕೆಳಗೆ ಯಾರೂ ಡೇರೆ ಹಾಕುವಂತಿರಲಿಲ್ಲ.

ಹನ್ನೊಂದು ಬಿಡಾರಗಳೂ ಗುಡ್ಡದ ಮೇಲೆಯೇ ಆದವು. ಗಂಟುಮೂಟೆ ಹೊತ್ತು ಹತ್ತುವಾಗೆಲ್ಲ ಸುಕ್ರಿ ತಮ್ಮನನ್ನು ಬೈಯುತ್ತಿದ್ದಳು. ಹೊರಟಷ್ಟೇ ಜನ ಮರಳಿದರು.