ನಾಟ್ಯಶಾಲೆಯ ನೆಲದ ನ್ಯಾಯ

"ಕೇಳಿರಪ್ಪೋ ಕೇಳಿ! ಅರಮನೆಯ ನಾಟ್ಯಶಾಲೆಯ ನೆಲ ಯಾರಿಂದ ಕೆಟ್ಟಿತು ಎಂಬುದನ್ನು ನೆಲದ ಕೆಲಸ ಬಲ್ಲವರೇ ಹೇಳಬೇಕು. ರಾಜಕುಮಾರಿ ಹೊನ್ನಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವರ ಮಾತೇ ತೀರ್ಪು. ತಪ್ಪು ಹೇಳಿದವರ ತಲೆ ಹುಣ್ಣಿಮೆಗೆ ಉರುಳುತ್ತದೆ. ಯಾರೂ ಬಿಡಿಸದಿದ್ದರೆ ನೆಲ ಒರೆಸುವ ಬೋರಯ್ಯನ ತಲೆಯೂ ಉಳಿಯುವುದಿಲ್ಲ!"

ಡಂಗುರದವನ ಕೂಗಿಗೆ, ಗಾರೆ ಅರೆಯುತ್ತಿದ್ದ ಚಿಕ್ತಾಯಿಯ ಕೈ ನಿಂತಿತು. ಬೋರಯ್ಯ ಅವಳ ಅಪ್ಪ.

ಆದದ್ದಿಷ್ಟು. ನಾಟ್ಯಶಾಲೆಯ ಹಳೆಯ ಗಾರೆನೆಲ ಮಾಸಿತೆಂದು ಅದರ ಮೇಲೆ ಹೊಸ ಪದರ ಹಾಕುವ ಕೆಲಸವನ್ನು ಗುತ್ತಿಗೆದಾರ ಗಂಗರಾಜಯ್ಯ ಹಿಡಿದಿದ್ದ. ತಿಂಗಳ ಕೆಲಸವನ್ನು ವಾರದಲ್ಲಿ ಮುಗಿಸಿ ಮೀಸೆ ತಿರುವಿದ. ರಾಜಕುಮಾರಿ ಕುಣಿದ ಮೊದಲ ದಿನವೇ ನೆಲ ಹಪ್ಪಳದ ಹಾಗೆ ಎದ್ದುಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯಿದೆಯಲ್ಲ, ಇಲ್ಲಿ ಕುಣಿದವಳು ಜಾಣೆ, ಕೆಟ್ಟದ್ದು ನೆಲವೇ. ಗಂಗರಾಜಯ್ಯ ಒಪ್ಪಬೇಕಲ್ಲ! "ನನ್ನ ಕೆಲಸ ವಜ್ರ ಬುದ್ಧೀ. ಈ ಬೋರಯ್ಯ ದಿನಾ ನೀರು ಹುಯ್ದು ಒರೆಸಿ ಹಾಳು ಮಾಡ್ದ" ಎಂದು ಕೈತೊಳೆದುಕೊಂಡ. ಬಡವನ ಕಾಲಿಗೆ ಸರಪಳಿ ಬಿತ್ತು.

ಹುಣ್ಣಿಮೆಯ ಬೆಳಿಗ್ಗೆ ಚಿಕ್ತಾಯಿ ಸುಣ್ಣದ ಕೈಯಲ್ಲೇ ನಾಟ್ಯಶಾಲೆಗೆ ಬಂದಳು. ಅವಳಿಗಿಂತ ಮುಂದೆ ಇಬ್ಬರು ನಿಂತಿದ್ದರು.

ರಾಜಕುಮಾರಿ ಆಸ್ಥಾನದ ಪಂಡಿತನನ್ನು ಕೇಳಿದಳು: "ಹುಟ್ಟಿನಲ್ಲಿ ಕಲ್ಲು. ಬೆಂಕಿಯಲ್ಲಿ ಬೆಂದರೂ ಸುಮ್ಮನಿರುತ್ತದೆ. ತಣ್ಣೀರು ಕುಡಿಸಿದರೆ ಕೊತಕೊತ ಕುದಿಯುತ್ತದೆ. ಏನದು?"

"ಕಬ್ಬಿಣ" ಎಂದ ಪಂಡಿತ. ಭಟರು ಅವನನ್ನು ಎಳೆದೊಯ್ದರು.

ದಳವಾಯಿಯ ಮಗ ಸುಣ್ಣ ಎಂದು ಸರಿಯಾಗಿ ಹೇಳಿ ಎದೆಯುಬ್ಬಿಸಿದ. ಎರಡನೆಯದು ಬಂತು: "ಒದ್ದೆಯಾಗಿದ್ದಷ್ಟು ದಿನವೂ ಗಟ್ಟಿಯಾಗುತ್ತ ಹೋಗುತ್ತದೆ. ಎಳೆತನದಲ್ಲೇ ಒಣಗಿಸಿದರೆ ಪುಡಿಯಾಗುತ್ತದೆ. ಏನದು?"

"ಮೊಸಳೆಯ ಬೆನ್ನು!" ಅವನೂ ಪಂಡಿತನ ಹಿಂದೆ ಹೋದ. ನಗಬೇಕೆಂದವರಿಗೂ ನಗು ಬರಲಿಲ್ಲ.

ಚಿಕ್ತಾಯಿಗೆ ಭಯವಿತ್ತು, ಆದರೆ ಉತ್ತರದ ಬಗ್ಗೆ ಅಲ್ಲ. "ಮೊದಲನೇದು ಸುಣ್ಣ ಅಮ್ಮಣ್ಣೀ. ಎರಡನೇದು ಹೊಸಾ ಗಾರೆ. ನೆಲ ಹಾಕಿದ್ಮೇಲೆ ದಿನಾ ನೀರು ಕುಡಿಸ್ತೀವಿ, ಅದಕ್ಕೆ ನೀರೇ ತಾಯಿ ಹಾಲು. ನಮ್ಮಪ್ಪ ನೀರು ಹುಯ್ದು ನೆಲಾನ ಕೊಂದಿಲ್ಲ, ಸಾಕಿದಾನೆ."

ರಾಜಕುಮಾರಿ ಮುಂದಕ್ಕೆ ಬಾಗಿದಳು. "ಮೂರನೆಯದು ಕೇಳು. ಗಾಯವಾದರೆ ಮಾತ್ರ ಒಂದಾಗುವ ಹಿರಿಯ, ಕಿರಿಯ. ಗಾಯ ಮಾಡದೆ ಸೇರಿಸಿದರೆ ಒಂದು ಕುಣಿತಕ್ಕೇ ಬೇರೆಯಾಗುತ್ತಾರೆ. ಯಾರವರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಅಲ್ಲೇ ಇದ್ದ. "ಕಸಿ ಕಟ್ಟಿದ ಮಾವು!" ಎಂದು ಗಂಗರಾಜಯ್ಯ ಕೂಗಿಬಿಟ್ಟ.

"ಮಾವಿನ ಗಿಡದ ಮೇಲೆ ಯಾರು ಕುಣೀತಾರೆ ಯಜಮಾನ್ರೇ?" ಎಂದಳು ಚಿಕ್ತಾಯಿ. "ಹಿರಿಯ ಹಳೇ ನೆಲ, ಕಿರಿಯ ಹೊಸಾ ಗಾರೆ. ಹಳೇದರ ಮೈಗೆ ಉಳಿಯಲ್ಲಿ ಕಚ್ಚು ಹೊಡೆದ್ರೇನೇ ಹೊಸದು ಹಿಡಿಯೋದು."

ಅವಳು ಕೂತು ಬೆರಳಗೆಣ್ಣಿನಿಂದ ನೆಲ ಬಡಿದಳು. ಟೊಳ್ಳು ಸದ್ದು ಬಂತು. ಉಗುರು ತೂರಿಸಿ ರೊಟ್ಟಿಯಗಲದ ಚಕ್ಕೆಯನ್ನೇ ಎತ್ತಿದಳು. ಕೆಳಗೆ ಹಳೆಯ ನೆಲ ಎಣ್ಣೆ ಜಿಡ್ಡಿನ ಸಮೇತ ನುಣ್ಣಗಿತ್ತು.

"ಒಂದಾದ್ರೂ ಉಳಿಯೇಟು ಇದ್ಯಾ, ನೀವೇ ತೋರಿಸಿ."

ಭಟರು ಬೋರಯ್ಯನ ಸರಪಳಿ ಬಿಚ್ಚಿದರು. ಮುದುಕ ಮಗಳನ್ನು ತಬ್ಬಿ ಅತ್ತ, ಅವಳೂ ಅತ್ತಳು. ಅರಮನೆಯ ಎಲ್ಲ ನೆಲಗಳ ಮೇಸ್ತ್ರಿಕೆ ಚಿಕ್ತಾಯಿಗೆ ಸಿಕ್ಕಿತು. ಅವಳ ಮಾತಿನ ಮೇಲೆ ಪಂಡಿತನಿಗೂ ದಳವಾಯಿಯ ಮಗನಿಗೂ ಬಿಡುಗಡೆಯಾಯಿತು.

"ಇವನದೂ ತಪ್ಪುತ್ತರವೇ, ತಲೆ ತೆಗೆಯಿರಿ" ಎಂದಳು ರಾಜಕುಮಾರಿ ಗುತ್ತಿಗೆದಾರನತ್ತ ತಿರುಗಿ.

"ಬೇಡ ಅಮ್ಮಣ್ಣೀ. ತಲೆ ಹೋದ್ರೆ ನೆಲ ಮಾಡೋರ್ಯಾರು?" ಎಂದ ಚಿಕ್ತಾಯಿ ಅವನ ಕೈಗೆ ಉಳಿ, ಸುತ್ತಿಗೆ ಕೊಟ್ಟಳು.

ಮೂರನೆಯ ದಿನ ಅವನು ಸೊಂಟ ಹಿಡಿದುಕೊಂಡು ಕೇಳಿದ: "ಇನ್ನೂ ಎಷ್ಟು ಕಚ್ಚು ಹೊಡೀಬೇಕವ್ವಾ?"

"ಹೊಡೀರಿ ಯಜಮಾನ್ರೇ, ಇನ್ನೂ ಮುಕ್ಕಾಲು ನಾಟ್ಯಶಾಲೆ ಉಳಿದದೆ" ಎಂದಳು.