ಬಿಚ್ಚೆಲೆಯಮ್ಮನ ಗುಡ್ಡ

ಹುಲಿಗೊಂಡನಕೋಟೆಯಲ್ಲಿ ಬಸ್ಸಿಳಿದು ಪಡುವಣಕ್ಕೆ ತಿರುಗಿದರೆ ಹೆಬ್ಬಂಡೆಗಳ ಒಂದು ಬೋಳುಗುಡ್ಡ ಕಾಣುತ್ತದೆ. ಕಾರೆಗಿಡ, ಸೀತಾಫಲದ ಪೊದೆ ಬಿಟ್ಟರೆ ಅದರ ಮೇಲೆ ಹಸಿರೆಂಬುದು ಅಷ್ಟಕ್ಕಷ್ಟೆ. ನೆತ್ತಿಯಲ್ಲಿ ಮುರಿದ ಕೋಟೆಗೋಡೆ, ಅದರೊಳಗೆ ಛಾವಣಿ ಹೋದ ಒಂದು ಕೋಣೆ, ಕೋಣೆಯ ನಡುವೆ ಅರಿಶಿನ ಬಳಿದ ಚಪ್ಪಟೆ ಕಲ್ಲು. ವಿಗ್ರಹವಿಲ್ಲ, ಪೂಜಾರಿಯೂ ಇಲ್ಲ. ಬಂದವರು ವೀಳ್ಯದೆಲೆಯನ್ನು ಅಗಲಕ್ಕೆ ಹಾಸಿ, ಗಾಳಿಗೆ ಹಾರದಂತೆ ಮೇಲೊಂದು ಅಡಿಕೆಯಿಟ್ಟು ಕೈಮುಗಿಯುತ್ತಾರೆ. ಗೊತ್ತಿಲ್ಲದ ಯಾರಾದರೂ ಮಡಚಿದ ಎಲೆ ಇಟ್ಟರೋ, ಅಲ್ಲಿ ಮೇಕೆ ಮೇಯಿಸುವ ಹೆಂಗಸರು ಸುಮ್ಮನೆ ಬಿಡುವುದಿಲ್ಲ. ಸರ್ಕಾರದ ನಕ್ಷೆಯಲ್ಲಿ ಗುಡ್ಡಕ್ಕೆ ಬೇರೇನೋ ಹೆಸರಿದೆಯಂತೆ, ಇರಲಿ ಬಿಡಿ. ಸುತ್ತಲ ಹಳ್ಳಿಗಳ ಬಾಯಲ್ಲಿ ಇದು ಬಿಚ್ಚೆಲೆಯಮ್ಮನ ಗುಡ್ಡ.

ಪಾಳೆಯಗಾರರ ಕಾಲದಲ್ಲಿ ಈ ಕೋಟೆಯನ್ನು ಕಾಟಪ್ಪನಾಯಕ ಎಂಬವನು ಆಳುತ್ತಿದ್ದ ಎನ್ನುತ್ತಾರೆ. ಕತ್ತಿಗೆ ಹೆದರುವವನಲ್ಲ, ಆದರೆ ಊಟದ ತಟ್ಟೆಗೆ ಹೆದರುತ್ತಿದ್ದ. ಅವನ ಅಣ್ಣನಿಗೆ ಯಾರೋ ವಿಷವಿಕ್ಕಿದ್ದರಿಂದಲೇ ಕೋಟೆ ಅವನ ಕೈಗೆ ಬಂದಿತ್ತು. ಆ ಯಾರೋ ಯಾರೆಂಬುದನ್ನು ಊರು ಪಿಸುಮಾತಿನಲ್ಲಷ್ಟೇ ಆಡಿಕೊಳ್ಳುತ್ತಿತ್ತು. ಅಂಥವನು ಅಡುಗೆಯವನನ್ನು ನಂಬುತ್ತಾನೆಯೇ? ಅವನು ನಂಬಿದ್ದು ಒಬ್ಬಳನ್ನೇ, ತಾಯಿಯಿಲ್ಲದ ಮಗಳು ತಿಪ್ಪಾಜಿಯನ್ನು. ಅವಳು ಮೊದಲು ಒಂದು ತುತ್ತು ತಿನ್ನಬೇಕು, ಆಮೇಲೆ ಅವನು. ಅವಳೇ ಎಲೆಗೆ ಸುಣ್ಣ ಹಚ್ಚಿ, ಅಡಿಕೆಯಿಟ್ಟು, ಎರಡು ವೀಳ್ಯ ಮಡಚಬೇಕು; ಒಂದನ್ನು ತಾನು ಜಗಿದು ನುಂಗಿ, ಇನ್ನೊಂದನ್ನು ತಂದೆಯ ಅಂಗೈಗಿಡಬೇಕು. ಬುದ್ಧಿ ತಿಳಿದಂದಿನಿಂದ ಅವಳ ಬದುಕು ಇಷ್ಟೇ. ಓರಗೆಯ ಹುಡುಗಿಯರು ಮದುವೆಯಾಗಿ, ಬಾಣಂತನಕ್ಕೆ ಬಂದು, ಮಕ್ಕಳನ್ನೆತ್ತಿಕೊಂಡು ಮರಳಿ ಹೋದರು. ತಿಪ್ಪಾಜಿ ಅದನ್ನೆಲ್ಲ ಕಿಟಕಿಯಿಂದ ನೋಡಿದಳು. ಬಂದ ಸಂಬಂಧಗಳಿಗೆಲ್ಲ ತಂದೆ ಒಂದೊಂದು ಕೊಂಕು ತೆಗೆದು ಕಳಿಸಿದ. ಅದನ್ನು ಅವಳು ಪ್ರೀತಿಯೆಂದೇ ತಿಳಿದಿದ್ದಳು, ಪಾಪ. ತನ್ನನ್ನು ಬಿಟ್ಟರೆ ಅಪ್ಪಾಜಿಗೆ ಯಾರಿದ್ದಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಹೀಗಿರುವಾಗ ಮೂಡಣ ಕೋಟೆಯ ಹಂಪನಾಯಕ ಹೆಣ್ಣು ಕೇಳಿ ಬಂದ. ಬೇಟೆಗೆ ಬಂದವನು ಕೋಟೆಯ ಬುಡದ ಕೊಳದ ಬಳಿ ಅವಳನ್ನು ಕಂಡಿದ್ದ, ಅವಳೂ ಅವನನ್ನು ಕಂಡಿದ್ದಳು. ಮೂಡಣದವರ ಬಲ ದೊಡ್ಡದು. ಇಲ್ಲವೆಂದರೆ ದಂಡು ಬಂದೀತು. ಕಾಟಪ್ಪನಾಯಕ ನಗುನಗುತ್ತಲೇ ಒಪ್ಪಿದ. ತಿಪ್ಪಾಜಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ವೀಳ್ಯಶಾಸ್ತ್ರದ ದಿನ ತಂದೆ ಅವಳನ್ನು ಕರೆದು, ತಲೆ ನೇವರಿಸಿ, ಬೆಳ್ಳಿಯ ಸುಣ್ಣದ ಡಬ್ಬಿಯೊಂದನ್ನು ಕೈಗಿಟ್ಟ. ಗಂಡಿನ ವೀಳ್ಯಕ್ಕೆ ಇದರ ಸುಣ್ಣವನ್ನೇ ಹಚ್ಚು ಎಂದ. ಹುಟ್ಟಿದಂದಿನಿಂದ ಅವನು ಅವಳಿಗೆ ಕೊಟ್ಟ ಮೊದಲ ಉಡುಗೊರೆ ಅದು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಸಿಕ್ಕಿಸಿಕೊಂಡಳು.

ಮೂಡಣದ ಹಿರಿಯರಿಗೆ ಈ ಮನೆಯ ನೀರಿನ ಮೇಲೂ ಅನುಮಾನವಿತ್ತು. ಆದರೆ ಹುಡುಗಿಯ ಕೈಯ ವೀಳ್ಯಕ್ಕೆ ಯಾರು ಅಂಜುತ್ತಾರೆ? ನೆರಳನ್ನೂ ನಂಬದ ನಾಯಕನೇ ಆ ಕೈಯಿಂದ ತಿನ್ನುತ್ತಾನೆಂಬುದು ಸೀಮೆಗೆಲ್ಲ ಗೊತ್ತಿದ್ದ ಮಾತು. ಅಂದೂ ಅವನು ಹಳೆಯ ಡಬ್ಬಿಯ ಸುಣ್ಣದ ವೀಳ್ಯವನ್ನು ಅವಳಿಂದ ಪಡೆದು ಎಲ್ಲರೆದುರು ಜಗಿದ. ಮದುವೆಗೆ ಮುಂಚೆ ಹೆಣ್ಣು ಗಂಡಿನ ಎಲೆಯ ರುಚಿ ನೋಡುವ ಪದ್ಧತಿ ಇಲ್ಲ. ತಿಪ್ಪಾಜಿ ಬೆಳ್ಳಿಯ ಡಬ್ಬಿ ತೆರೆದು, ಆಯ್ದ ಎಳೆಯ ಎಲೆಗೆ ಸುಣ್ಣ ಹಚ್ಚಿ, ಲವಂಗ ಚುಚ್ಚಿ ಕೊಟ್ಟಳು. ಹಂಪನಾಯಕ ಅವಳನ್ನೇ ನೋಡುತ್ತ ಬಾಯಿಗಿಟ್ಟುಕೊಂಡ. ಚಪ್ಪರದ ವಾದ್ಯ ನಿಲ್ಲುವ ಮೊದಲೇ ನೆಲಕ್ಕೊರಗಿದ.

ಆಮೇಲಿನದು ಕೇಳಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೂಡಣದವರು ಕತ್ತಿ ಹಿರಿದಾಗ ಕಾಟಪ್ಪನಾಯಕ ಎದ್ದು ನಿಂತು, ಎಲೆ ಮುಟ್ಟಿದ್ದು ತಾನಲ್ಲ, ಮಗಳು ಎಂದ. ಮೊದಲಿನಿಂದಲೂ ಅವಳ ತಲೆ ನೆಟ್ಟಗಿಲ್ಲ, ಅದಕ್ಕೇ ಹೊರಗೆ ಬಿಡುತ್ತಿರಲಿಲ್ಲ ಎಂದ. ಸ್ತ್ರೀಹತ್ಯೆ ಬೇಡ, ಸಾಯುವತನಕ ಗುಡ್ಡದ ನೆತ್ತಿಯ ಕೋಣೆಯಿಂದ ಹೊರಬಾರದಂತೆ ಕೂಡಿಹಾಕುತ್ತೇನೆ ಎಂದು ಎಲ್ಲರೆದುರು ಆಣೆಯಿಟ್ಟ. ಹೆತ್ತ ಮಗಳಿಗೂ ದಯೆ ತೋರದ ಧರ್ಮಾತ್ಮನೆಂದು ಹಿರಿಯರು ಅವನನ್ನು ಹೊಗಳಿ, ಹೆಣ ಹೊತ್ತುಕೊಂಡು ಹೋದರು! ತಿಪ್ಪಾಜಿ ತನ್ನ ಕೈಯನ್ನೇ ನೋಡುತ್ತ ಕುಳಿತಿದ್ದಳು. ನಾನೇ ಏನಾದರೂ ತಪ್ಪು ಮಾಡಿದೆನೇ, ಎಲೆಯಲ್ಲಿ ಹುಳುವಿತ್ತೇ, ಲವಂಗ ಕೆಟ್ಟಿತ್ತೇ ಎಂದು ಕೊರಗುತ್ತಿದ್ದಳೇ ಹೊರತು ತಂದೆಯ ಮೇಲೆ ಅವಳ ಮನಸ್ಸು ಹೋಗಲಿಲ್ಲ. ಬೆಳ್ಳಿಯ ಡಬ್ಬಿ ಎಲ್ಲಿ ಎಂದು ಅವನು ಕೇಳಿದಾಗ, ಗದ್ದಲದಲ್ಲಿ ಎಲ್ಲೋ ಬಿತ್ತು ಎಂದುಬಿಟ್ಟಳು. ಇದ್ದ ಒಂದು ಉಡುಗೊರೆಯೂ ಹೋದೀತೆಂಬ ಅಂಜಿಕೆಗೆ ಆಡಿದ ಸುಳ್ಳು ಅದು. ಅವಳು ಎಂದೂ ಸುಳ್ಳಾಡಿದವಳಲ್ಲ, ಅವನು ನಂಬಿದ.

ಮರುದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಕೋಣೆಯ ಅಗುಳಿ ಸರಿಯಿತು. ಹೊರಗೆ ಕಾವಲು ಕೂತಿದ್ದವಳು ಅವಳನ್ನು ಎತ್ತಿ ಆಡಿಸಿದ್ದ ಮುದುಕಿ ಕರಿಯವ್ವ. ಅವಳೂ ತಾನು ನೀರು ಕೊಟ್ಟ ಲೋಟವನ್ನು ತಿಪ್ಪಾಜಿಯ ಕೈಯಿಂದ ಮರಳಿ ಪಡೆಯುವಾಗ ಅಂಜಿ, ಸೆರಗಿನಿಂದ ಹಿಡಿದಿದ್ದಳು. ನಾಯಕ ಮಾತ್ರ ಊಟ ಮುಗಿಸಿ ಎಂದಿನಂತೆ ಬಂದು, ಚಾಪೆಯ ಮೇಲೆ ಕುಳಿತು, ಎಲೆಯ ತಟ್ಟೆಯನ್ನು ಮಗಳತ್ತ ತಳ್ಳಿ, ಅಂಗೈ ಚಾಚಿದ.

ತಿಪ್ಪಾಜಿ ಆ ಅಂಗೈಯನ್ನು ನೋಡಿದಳು. ಊರೆಲ್ಲ ಹೆದರುವ ಕೈಗೆ ಇವನೊಬ್ಬ ಹೆದರುತ್ತಿಲ್ಲ. ತನ್ನ ಅನ್ನದ ಅಗುಳಿಗೂ ಹೆದರುವ ಮನುಷ್ಯ!

“ಅಪ್ಪಾಜಿ, ವಿಷ ಹಾಕಿದ ಕೈಯಂತಲ್ಲ ಇದು. ನಿಮಗೆ ಭಯವಿಲ್ಲವೇ?” ಎಂದಳು.

“ನಿನ್ನ ಕೈ ಎಂಥದೆಂದು ನನಗಿಂತ ಬಲ್ಲವರು ಯಾರು? ಮಡಚು,” ಎಂದ ನಾಯಕ.

ಅಷ್ಟು ಸಾಕಾಯಿತು. ಪ್ರೀತಿಯೆಂದು ಇಷ್ಟು ವರ್ಷ ಹೊತ್ತದ್ದು ಏನೆಂದು ಅವಳಿಗೆ ತಿಳಿಯಿತು. ಹಂಪನಾಯಕನನ್ನು ತನ್ನ ಕೈಯಿಂದಲೇ ಕೊಲ್ಲಿಸಿದವನು ಎದುರಿಗೇ ಕುಳಿತಿದ್ದಾನೆಂದೂ ತಿಳಿಯಿತು. ದೀಪಕ್ಕೆ ಬೆನ್ನುಮಾಡಿ, ಸೆರಗಿನ ಮರೆಯಲ್ಲಿ ಎಲೆಗೆ ಸುಣ್ಣ ಹಚ್ಚಿ ಎರಡು ವೀಳ್ಯ ಮಡಚಿದಳು. ಪದ್ಧತಿಯಂತೆ ಒಂದನ್ನು ತಾನು ಜಗಿದು ನುಂಗಿದಳು. ಅದು ಅವಳ ಗಂಟಲಿಳಿಯುವುದನ್ನು ನೋಡಿದ ಮೇಲೆಯೇ ನಾಯಕ ಇನ್ನೊಂದನ್ನು ಬಾಯಿಗಿಟ್ಟುಕೊಂಡ. ಅವನು ನುಂಗಿದ ನಂತರ ಅವಳು ಬೆಳ್ಳಿಯ ಡಬ್ಬಿಯನ್ನು ತಟ್ಟೆಯಲ್ಲಿಟ್ಟಳು.

“ನೀವು ಕೊಟ್ಟದ್ದು ಬಿದ್ದಿರಲಿಲ್ಲ, ಅಪ್ಪಾಜಿ. ನನ್ನ ಹತ್ತಿರವೇ ಇತ್ತು,” ಎಂದಳು.

ನಾಯಕನ ಕೂಗು ಕೇಳಿ ಕರಿಯವ್ವ ಒಳಗೆ ಬಂದಾಗ ಇಬ್ಬರ ಉಸಿರೂ ನಿಂತಿತ್ತು. ಬಾಗಿಲಾಚೆ ಕೇಳಿದ್ದನ್ನೆಲ್ಲ ಅವಳು ಊರಿಗೆ ಹೇಳಿದಳು. ಮಗಳೇ ತಂದೆಯನ್ನು ಕೊಂದಳೆಂಬ ಸುದ್ದಿ ಸೀಮೆ ದಾಟಿ ಹೋಯಿತು. ಯಾಕೆ ಕೊಂದಳೆಂಬುದು ಈ ಗುಡ್ಡದ ಸುತ್ತಲೇ ಉಳಿಯಿತು. ಆ ಕೋಣೆಯಲ್ಲಿ ಮೊದಲ ಎಲೆ ಹಾಸಿದವಳು ಕರಿಯವ್ವನೇ. ಹಿಂದಿನ ದಿನ ಸೆರಗಿನಿಂದ ಲೋಟ ಹಿಡಿದವಳು ಈಗ ತಿಪ್ಪಾಜಿ ಒರಗಿದ್ದ ಕಲ್ಲನ್ನು ಬರಿಗೈಯಿಂದ ಸವರಿ, ಈ ಮಗುವಿನೆದುರು ಇನ್ನು ಯಾರೂ ಎಲೆ ಮಡಚಬೇಡಿ ಎಂದು ಅತ್ತಳಂತೆ.

ಇಂದಿಗೂ ಅಲ್ಲಿ ಯಾರೂ ಮಡಚುವುದಿಲ್ಲ. ಸುತ್ತಲ ಹಳ್ಳಿಗಳಲ್ಲಿ ವೀಳ್ಯಶಾಸ್ತ್ರ ನಿಶ್ಚಯವಾದರೆ ಹೆಣ್ಣಿನ ತಂದೆ ಮೊದಲು ಗುಡ್ಡ ಹತ್ತುತ್ತಾನೆ. ಮಗಳು ಪಕ್ಕದಲ್ಲಿ ನಿಂತಿರುತ್ತಾಳೆ. ಗಂಡಿನ ವೀಳ್ಯಕ್ಕೆ ತಂದ ಎಲೆಯನ್ನೇ, ಅದೇ ಸುಣ್ಣವನ್ನೇ ಹಚ್ಚಿ, ಅವಳ ಕಣ್ಣೆದುರು ಅವನು ಜಗಿಯಬೇಕು. ಅವನು ನುಂಗುವವರೆಗೆ ಮಗಳು ಅವನ ಗಂಟಲನ್ನೇ ನೋಡುತ್ತಾಳೆ.